'ಲಾಂಗ್ ಟರ್ಮ್‌ಗೆ ಇಟ್ಟಿದೀನಿ ಸಾರ್'

ಜುಲೈ ಬಂತೆಂದರೆ ನಮ್ಮ ಆಡಿಟರ್ ಆಫೀಸಿನಲ್ಲಿ ರಿಟರ್ನ್ ಫೈಲ್ ಮಾಡಿಸುವವರ ಗದ್ದಲ. ಅವರಲ್ಲಿ ಮೂರ್ನಾಲ್ಕು ಹುಡುಗರಾದರೂ ಮೊಬೈಲ್ ಚಾಚಿ, 'ಇದನ್ನೂ ತೋರಿಸ್ಬೇಕಾ ಸಾರ್?' ಎನ್ನುತ್ತಾರೆ. ನೋಡಿದರೆ ಬಿಟ್‌ಕಾಯಿನ್, ಈಥರ್, ಜೊತೆಗೆ ನಾನು ಹೆಸರೂ ಕೇಳದ ಏಳೆಂಟು ಕಾಯಿನ್. ಎಲ್ಲ ಕ್ರಿಪ್ಟೋ, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಷ್ಟೇ ಇರುವ ಡಿಜಿಟಲ್ ನಾಣ್ಯ.

'ಮಾರಿದೀಯಾ?'

'ಸ್ವಲ್ಪ ಮಾತ್ರ. ಮಿಕ್ಕಿದ್ದು ಲಾಂಗ್ ಟರ್ಮ್‌ಗೆ.'

ನಮ್ಮ ತೆರಿಗೆ ಕಾನೂನಿನಲ್ಲಿ ಕ್ರಿಪ್ಟೋಗೆ ಲಾಂಗ್ ಟರ್ಮ್ ಅನ್ನೋದೇ ಇಲ್ಲ. ಲಿಸ್ಟ್ ಆದ ಷೇರನ್ನು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡರೆ ತೆರಿಗೆ ಕಮ್ಮಿ. ಕ್ರಿಪ್ಟೋ ಒಂದು ದಿನ ಇಟ್ಟರೂ ಅಷ್ಟೇ, ಹತ್ತು ವರ್ಷ ಇಟ್ಟರೂ ಅಷ್ಟೇ. ಲಾಭದ ಮೇಲೆ ಶೇ 30, ಆ ತೆರಿಗೆಯ ಮೇಲೆ ಶೇ 4 ಸೆಸ್. 2022ರ ಏಪ್ರಿಲ್‌ನಿಂದ ಹೀಗೆ.

ನೋವಾಗುವುದು ನಷ್ಟದ ಲೆಕ್ಕದಲ್ಲಿ. ಒಂದು ಕಾಯಿನ್‌ನಲ್ಲಿ 1 ಲಕ್ಷ ಲಾಭ, ಇನ್ನೊಂದರಲ್ಲಿ 80 ಸಾವಿರ ನಷ್ಟ ಅಂದುಕೊಳ್ಳಿ. ಕೈಗೆ ಬಂದದ್ದು 20 ಸಾವಿರ. ಆದರೆ ನಷ್ಟವನ್ನು ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಎಳೆಯುವ ಹಾಗೂ ಇಲ್ಲ. ತೆರಿಗೆ 31,200 ರೂಪಾಯಿ! 'ಅಂದ್ರೆ ಕೈಯಿಂದ ಹಾಕ್ಬೇಕಾ?' ಅಂತ ಒಬ್ಬ ಹುಡುಗ ಕೇಳಿದ. ಹಾಕ್ಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು?

2018ರಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರದಿಂದ ದೂರ ಇರಿ ಅಂತ ಬ್ಯಾಂಕುಗಳಿಗೆ ಹೇಳಿತ್ತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ಬಂದದ್ದು ತೆರಿಗೆ. ಬಾ ಅಂತಲೂ ಇಲ್ಲ, ಹೋಗು ಅಂತಲೂ ಇಲ್ಲ.

ಮುಂದೇನು ಅಂತ ಎಲ್ಲರೂ ಕೇಳುತ್ತಾರೆ. ಬಿಟ್‌ಕಾಯಿನ್ ಉಳಿಯುತ್ತದೆ ಅನ್ನುವುದು ನನ್ನ ಅಂದಾಜು, ಆದರೆ ದುಡ್ಡಾಗಿ ಅಲ್ಲ, ಚಿನ್ನದ ಥರ. ಒಟ್ಟು 2.1 ಕೋಟಿಗಿಂತ ಜಾಸ್ತಿ ಹುಟ್ಟುವುದೇ ಇಲ್ಲ. ಹೊಸದಾಗಿ ಹುಟ್ಟುವುದೂ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, 2024ರ ಏಪ್ರಿಲ್‌ನಲ್ಲಿ ಇಳಿದ ಹಾಗೆ. ಟೀ ಅಂಗಡಿಯಲ್ಲಿ ಅದನ್ನು ಕೊಡುವವರು ಯಾರು? ಯುಪಿಐ ಇದೆಯಲ್ಲ. ಇನ್ನು ಆ ಏಳೆಂಟು ಕಾಯಿನ್‌ಗಳು? ಲೂನಾ ಅನ್ನುವ ಕಾಯಿನ್ 2022ರ ಮೇನಲ್ಲಿ ಕೆಲವೇ ದಿನಗಳಲ್ಲಿ ನೆಲ ಕಚ್ಚಿತು. ಅದೇ ವರ್ಷ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಅನ್ನುವ, ಕಾಯಿನ್ ಕೊಳ್ಳುವ ಮಾರುವ ದೊಡ್ಡ ಎಕ್ಸ್‌ಚೇಂಜೇ ದಿವಾಳಿಯಾಯಿತು.

ಅದಕ್ಕೇ ಸ್ವಲ್ಪ ತಿಳಿದವರು ಎಕ್ಸ್‌ಚೇಂಜ್ ನಂಬದೆ ಸ್ವಂತ ವ್ಯಾಲೆಟ್‌ನಲ್ಲಿ ಇಡುತ್ತಾರೆ. ಸರಿಯೇ. ಹೋದ ವರ್ಷ ಒಬ್ಬ ಹೆಣ್ಣುಮಗಳು ಬಂದಿದ್ದರು. ಗಂಡ ತೀರಿಕೊಂಡು ಮೂರು ತಿಂಗಳು. ಬೀರುವಿನಲ್ಲಿ ಪಾಸ್‌ಬುಕ್ ಇತ್ತು, ಎಲ್‌ಐಸಿ ಬಾಂಡ್ ಇತ್ತು, ಡೈರಿಯಲ್ಲಿ ವ್ಯಾಲೆಟ್ ವಿಳಾಸವೂ ಇತ್ತು. ಅದನ್ನು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದೆ. ಬಿಟ್‌ಕಾಯಿನ್ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತದೆ. ತೆಗೆಯಲು ಬೇಕಾದ, ವ್ಯಾಲೆಟ್‌ನ ಗುಟ್ಟಿನ ಕೀಲಿಯಾದ ಹನ್ನೆರಡು ಪದ ಮಾತ್ರ ಎಲ್ಲೂ ಇಲ್ಲ. 'ಯಾವ ಆಫೀಸಿಗೆ ಅರ್ಜಿ ಕೊಡ್ಬೇಕು ಸಾರ್?' ಎಂದರು ಆಕೆ. ಅಂಥ ಆಫೀಸೇ ಇಲ್ಲಮ್ಮ ಅಂತ ಹೇಳಬೇಕಾಯಿತು.

ಈಗ ಲಾಂಗ್ ಟರ್ಮ್ ಅನ್ನುವ ಹುಡುಗರಿಗೆ ನಾನು ಮೊದಲು ಕೇಳುವುದು ಅದನ್ನೇ. ಆ ಪದಗಳನ್ನು ಎಲ್ಲಿ ಬರೆದಿಟ್ಟಿದೀಯ, ಮನೇಲಿ ಯಾರಿಗೆ ಗೊತ್ತು? ಜಾಸ್ತಿ ಜನ ಅದೇ ಫೋನಿನಲ್ಲಿರುವ ಸ್ಕ್ರೀನ್‌ಶಾಟ್ ತೋರಿಸುತ್ತಾರೆ.