ಪದ ಪರಿಚಯ: ಬಹುಪದರ ರಕ್ಷಣೆ

ಅಪಾಯ ತಡೆಯಲು ಒಂದೇ ಉಪಾಯವನ್ನು ನೆಚ್ಚಿ ಕೂರದೆ, ಒಂದರ ಹಿಂದೆ ಒಂದು ತಡೆ ಇಡುವುದಕ್ಕೆ ಬಹುಪದರ ರಕ್ಷಣೆ ಎನ್ನುತ್ತಾರೆ. ವಿಜಯಪುರದವರಿಗೆ ಇದು ಕಣ್ಣೆದುರೇ ಇದೆ. ಮೊದಲು ಕಂದಕ, ಆಮೇಲೆ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ, ಅದರ ಉದ್ದಕ್ಕೂ ಬುರುಜು, ಬುರುಜಿನ ಮೇಲೆ ತೋಪು. ಒಳಗೆ ಮತ್ತೆ ಅರ್ಕಿಲ್ಲಾ ಎಂಬ ಒಳಕೋಟೆ, ಅದಕ್ಕೂ ತನ್ನದೇ ಕಂದಕ.

ಇಷ್ಟೆಲ್ಲ ಇದ್ದೂ 1686ರಲ್ಲಿ ಇಲ್ಲಿನ ಸುಲ್ತಾನ ಸಿಕಂದರ್ ಆದಿಲ್ ಶಾ ಔರಂಗಜೇಬನಿಗೆ ಶರಣಾಗಬೇಕಾಯಿತು. ಮುತ್ತಿಗೆ ವರ್ಷಕ್ಕೂ ಮೇಲೆ ನಡೆದಿತ್ತು. ಒಳಗೆ ಕಾಳುಕಡಿ, ಮೇವು ತೀರುತ್ತಾ ಬಂದಿತ್ತು. ಹಸಿವನ್ನು ತೋಪಿನಿಂದ ಹೊಡೆಯಲು ಆಗುತ್ತದೆಯೇ? ಪದರಗಳು ಬೇಕಾದಷ್ಟಿದ್ದವು. ಆದರೆ ಎಲ್ಲವೂ ನುಗ್ಗಿ ಬರುವ ಸೈನ್ಯವೆಂಬ ಒಂದೇ ಅಪಾಯಕ್ಕೆ ಕಟ್ಟಿದವು.

ಒಂದೇ ಕೆಲಸಕ್ಕೆ ಎರಡು ಮೂರು ಯಂತ್ರ ಇಟ್ಟುಕೊಳ್ಳುವ ಬ್ಯಾಕಪ್ ಕೂಡ ಇದೇ ಜಾತಿಯದು. ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಹಲವು ಡೀಸೆಲ್ ಜನರೇಟರ್‌ಗಳಿದ್ದವು. 2011ರ ಮಾರ್ಚ್ 11ರ ಸುನಾಮಿಗೆ ನೆಲಮಾಳಿಗೆಯವೆಲ್ಲ ಒಟ್ಟಿಗೇ ನಿಂತುಹೋದವು. ಎತ್ತರದ ಜಾಗದಲ್ಲಿದ್ದ ಒಂದು ಮಾತ್ರ ಓಡುತ್ತಿತ್ತು. 5 ಮತ್ತು 6ನೇ ಘಟಕಗಳು ಉಳಿದುಕೊಂಡದ್ದು ಅದರಿಂದಲೇ. ಒಂದೇ ಏಟಿಗೆ ಎಲ್ಲವೂ ಬೀಳುತ್ತವೆಯೇ ಎಂದು ಮೊದಲು ಕೇಳಬೇಕು. ಎಷ್ಟಿವೆ ಎಂಬ ಲೆಕ್ಕ ಆಮೇಲೆ.

ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಳ ಬಂದಾಗ ಒದ್ದೆ ಕೈಯಲ್ಲೇ ಮೋಟಾರ್ ಹಚ್ಚುತ್ತೇವೆ. ಕರೆಂಟ್ ಮಿತಿ ಮೀರಿದರೆ ತಾನೇ ಟ್ರಿಪ್ ಆಗಿ ಕರೆಂಟ್ ಕಡಿಯುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಎಂಬ ಧೈರ್ಯ. ಆದರೆ 16 ಆಂಪಿಯರ್ ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಜೀವ ಹೋಗಲು ಅದರ ಚೂರುಪಾರು ಕರೆಂಟ್ ಸಾಕು. ಅದಕ್ಕೆಂದೇ 30 ಮಿಲಿಆಂಪಿಯರ್ ಸೋರಿದರೂ ಟ್ರಿಪ್ ಆಗುವ ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್ಚು ಇದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಅರ್ಥಿಂಗ್ ಇದೆ. ಮೂರರ ಕೆಲಸವೂ ಬೇರೆ ಬೇರೆ. ಹತ್ತು ಎಂಸಿಬಿ ಸೇರಿದರೂ ಒಂದು ಆರ್‌ಸಿಸಿಬಿ ಆಗುವುದಿಲ್ಲ.

ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ಇನ್ನೊಂದು ಸಂಗತಿ. ಪದರ ಹಲವಿದ್ದಾಗ ಒಂದು ಸತ್ತಿದ್ದರೂ ಗೊತ್ತಾಗುವುದಿಲ್ಲ. ಉಳಿದವು ಹೇಗೋ ನಿಭಾಯಿಸುತ್ತಿರುತ್ತವೆ, ನಾವು ಸುಮ್ನೆ ಇದ್ದುಬಿಡುತ್ತೇವೆ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರುವುದು ಇದಕ್ಕೇ. ಆಗಾಗ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ತಡ ಮಾಡದೆ ಬದಲಿಸಿ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಕೂಡ ಸೋಲುತ್ತದೆ. ಅದರ ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕಿ.