ಡಯಾಲಿಸಿಸ್ ಒಮ್ಮೆ ಹಿಡಿದರೆ ಬಿಡುವಂತಿಲ್ಲವೇ?

ಪ್ರಶ್ನೆ: ನಮ್ಮದು ಹೊಸನಗರದ ಕಡೆಯ ಹಳ್ಳಿ. ಅಮ್ಮನಿಗೆ 58 ವರ್ಷ, ಬಹುಕಾಲದ ಸಕ್ಕರೆ ಕಾಯಿಲೆ. ಎರಡೂ ಕಿಡ್ನಿ ಸೋತಿವೆ, ಡಯಾಲಿಸಿಸ್‌ಗೆ ಸಿದ್ಧರಾಗಿ ಎಂದಿದ್ದಾರೆ. ಒಮ್ಮೆ ಹಿಡಿದರೆ ಬಿಡುವಂತಿಲ್ಲ ಎಂದು ಊರವರು ಹೆದರಿಸುತ್ತಾರೆ. ಪಕ್ಕದ ಮನೆಯವರಿಗೆ ಕೊಳಕುಮಂಡಲ ಕಚ್ಚಿದಾಗ ಮೂರು ವಾರ ಮಾಡಿ ನಿಲ್ಲಿಸಿದರಲ್ಲ?

ಉತ್ತರ: ನಿಮ್ಮ ಪಕ್ಕದ ಮನೆಯವರ ಕಿಡ್ನಿ ವಿಷದ ಹೊಡೆತಕ್ಕೆ ಏಕಾಏಕಿ ನಿಂತಿತ್ತು. ಇಲಿಜ್ವರದಲ್ಲೂ ಹೀಗಾಗುವುದುಂಟು. ಅಂಥ ಕಿಡ್ನಿ ಎಷ್ಟೋ ಸಲ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರ ಊರುಗೋಲು. ನಿಮ್ಮ ತಾಯಿಯದು ವರ್ಷಗಟ್ಟಲೆ ಒಳಗೊಳಗೇ ಸವೆದ ಕಿಡ್ನಿ, ಮತ್ತೆ ಚಿಗುರುವುದಿಲ್ಲ. ಬಿಡದೆ ಹಿಡಿದಿರುವುದು ಕಾಯಿಲೆ. ಬೈಗುಳ ಮಾತ್ರ ಡಯಾಲಿಸಿಸ್‌ಗೆ.

ಆರಂಭಿಸುವ ದಿನವನ್ನು ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕಶ್ಮಲ) ಅಂಕಿಯೊಂದೇ ಹೇಳುವುದಿಲ್ಲ. ವಾಂತಿ, ಉಬ್ಬಸ, ಇಳಿಯದ ಬಾವು, ಏರಿದ ಪೊಟ್ಯಾಸಿಯಂ ಎಲ್ಲವನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಅವರೇ ಕಾಯೋಣ ಎಂದರೆ ಕಾಯಬಹುದು. ಆದರೆ ಫಿಸ್ಟುಲಾ ಮಾಡಿಸುವುದನ್ನು ಮುಂದೂಡಬೇಡಿ. ಕೈಯ ಅಪಧಮನಿಗೆ ಅಭಿಧಮನಿಯನ್ನು ಹೊಲಿದು ಜೋಡಿಸುವ ಚಿಕ್ಕ ಶಸ್ತ್ರಚಿಕಿತ್ಸೆ ಅದು. ಡಯಾಲಿಸಿಸ್ ಸೂಜಿ ತಾಳುವಷ್ಟು ಆ ಅಭಿಧಮನಿ ದಪ್ಪವಾಗಲು ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅದರ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದಂಥ ಅದುರು ಸಿಗುತ್ತದೆ. ದಿನವೂ ಮುಟ್ಟಿ ನೋಡಬೇಕು, ಅದುರು ನಿಂತರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ರಕ್ತ ತೆಗೆಯಬಾರದು, ಅದರಲ್ಲಿ ತುಂಬಿದ ಕೊಡ ಎತ್ತಬಾರದು. ಫಿಸ್ಟುಲಾ ಇಲ್ಲದೆ ಮಧ್ಯರಾತ್ರಿ ಉಸಿರು ಕಟ್ಟಿ ಹೋದವರಿಗೆ ಸಾಮಾನ್ಯವಾಗಿ ಕುತ್ತಿಗೆಗೆ ನಳಿಕೆ ಹಾಕುತ್ತಾರೆ. ಅದಕ್ಕೆ ಸೋಂಕಿನ ಭಯ ಹೆಚ್ಚು.

ಯಂತ್ರದ ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ನಾಲ್ಕು ನಾಲ್ಕು ಗಂಟೆ. ಅದಕ್ಕೆ ಶಿವಮೊಗ್ಗದವರೆಗೇ ಓಡಾಡಬೇಕೆಂದು ಮೊದಲೇ ತೀರ್ಮಾನಿಸಬೇಡಿ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಕೇಂದ್ರಗಳಿವೆ, ಜಾಗ ಇದೆಯೇ ಎಂದು ಈಗಲೇ ವಿಚಾರಿಸಿ. ನಮ್ಮ ಕಡೆಯವರು ಕೇಳದೇ ಬಿಡುವುದು ಹೊಟ್ಟೆಯ ಡಯಾಲಿಸಿಸ್ ಬಗ್ಗೆ. ಹೊಟ್ಟೆಗೆ ಕೂರಿಸಿದ ಮೆದು ನಳಿಕೆಯಿಂದ ಸುಮಾರು ಎರಡು ಲೀಟರ್ ದ್ರವವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಮನೆಯಲ್ಲೇ ಬದಲಿಸುವುದು. ಕೈಯಿಂದಲೇ ಮಾಡುವ ಈ ವಿಧಾನಕ್ಕೆ ಕರೆಂಟು ಬೇಡ. ಆಷಾಢದಲ್ಲಿ ಮರ ಬಿದ್ದು ರಸ್ತೆಯೂ ದೀಪವೂ ಹೋಗುವ ಮನೆಗಳಿಗೆ ಇದು ಹೆಚ್ಚು ಹೊಂದುತ್ತದೆ ಎಂಬುದು ನನ್ನ ಎಣಿಕೆ. ಬೂಷ್ಟು ಹಿಡಿಯದ ಒಂದು ಕೋಣೆ, ಸೋಪು ಹಾಕಿ ಕೈತೊಳೆಯುವ ಶಿಸ್ತು, ಮಳೆಗಾಲಕ್ಕೆ ಮೊದಲೇ ದ್ರವದ ಚೀಲಗಳ ದಾಸ್ತಾನು ಬೇಕು. ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೊರಡಿ.

ದೇಹ ತಾಳುವುದಾದರೆ ಎಲ್ಲಕ್ಕಿಂತ ಉತ್ತಮ ಕಿಡ್ನಿ ಕಸಿ. ಹತ್ತಿರದ ಸಂಬಂಧಿಕರು ಕೊಡಬಹುದು. ಮೃತ ದಾನಿಯ ಕಿಡ್ನಿಗಾದರೆ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಮಾತ್ರೆ, ತಪಾಸಣೆ ಬದುಕಿನುದ್ದಕ್ಕೂ ತಪ್ಪದು. ತೀರಾ ಹಣ್ಣಾದ ಜೀವಗಳಿಗೆ ಡಯಾಲಿಸಿಸ್ ಬೇಡವೆಂದು ನಿರ್ಧರಿಸಿ, ಸಂಕಟ ತಗ್ಗಿಸುವ ಆರೈಕೆಯನ್ನಷ್ಟೇ ಕೊಡುವುದೂ ಒಂದು ದಾರಿ.

ನೀವು ಕೇಳದಿದ್ದರೂ ಇದೊಂದನ್ನು ಹೇಳಬೇಕು. ಹಿತ್ತಲಿನ ಧಾರೆಹುಳಿ (ಕಮರಾಕ್ಷಿ) ಹಣ್ಣು, ಅದರ ಗೊಜ್ಜು, ರಸ ಯಾವುದನ್ನೂ ಅಮ್ಮನಿಗೆ ಕೊಡಬೇಡಿ. ಸೋತ ಕಿಡ್ನಿ ಅದರ ವಿಷಾಂಶವನ್ನು ಹೊರಹಾಕಲಾರದು. ನಿಲ್ಲದ ಬಿಕ್ಕಳಿಕೆಯಿಂದ ತೊಡಗಿ ಮಂಪರು, ಫಿಟ್ಸ್‌ವರೆಗೂ ಹೋದೀತು.