ಸಾಫ್ಟನರ್ ಇದ್ರೂ ಟ್ಯೂಬ್ ಯಾಕೆ ಹಾಳಾಗುತ್ತೆ? ಬಾಯ್ಲರ್ ನೀರಿನ ಟಿಪ್ಪಣಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರ್ ಮೇಲೆ ಕೆಲಸ ಮಾಡುತ್ತಾ ಎರಡನೇ ದರ್ಜೆ ಅಟೆಂಡೆಂಟ್ ಪರೀಕ್ಷೆಗೆ ಓದುತ್ತಿರುವ ನಮ್ಮ ಕಡೆಯ ಹುಡುಗರಿಗೆ ಈ ಟಿಪ್ಪಣಿ. ಸೇಫ್ಟಿ ವಾಲ್ವ್, ಗೇಜ್ ಗ್ಲಾಸ್, ಫ್ಯೂಸಿಬಲ್ ಪ್ಲಗ್ ಎಲ್ಲಾ ಬಾಯಿಪಾಠ ಬರುತ್ತೆ. ನೀರಿನ ಪ್ರಶ್ನೆ ಬಂತು ಅಂದ್ರೆ "ಗಡಸುತನ ತೆಗೆಯೋ ಸಾಫ್ಟನರ್ ಹಾಕ್ತೀವಿ ಸರ್" ಅಂದು ಸುಮ್ಮನಾಗ್ತೀವಿ. ನಾನೂ ಹಾಗೇ ಅಂದವನೇ. "ಸಾಫ್ಟನರ್ ದಾಟಿದ ಮೇಲೆ ಟಿಡಿಎಸ್ ಎಷ್ಟು ಇಳಿಯುತ್ತೆ?" ಅಂತ ಎದುರಿಗಿದ್ದ ಪರೀಕ್ಷಕರು ಕೇಳಿದರು. "ಬಹಳ ಇಳಿಯುತ್ತೆ" ಅಂದೆ. ಅವರು ನಕ್ಕರು.

ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರುವ ಒಟ್ಟು ಉಪ್ಪು, ಇಳಿಯೋದೇ ಇಲ್ಲ. ಸಾಫ್ಟನರ್‌ನೊಳಗಿನ ರೆಸಿನ್ (ಸಣ್ಣ ಮಣಿಗಳ ರಾಶಿ) ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. 40 ಗ್ರಾಂ ಕ್ಯಾಲ್ಸಿಯಂ ಹೋದ ಜಾಗಕ್ಕೆ 46 ಗ್ರಾಂ ಸೋಡಿಯಂ ಬರುತ್ತೆ. ಅಂದ್ರೆ ಟಿಡಿಎಸ್ ಒಂಚೂರು ಏರಿದರೂ ಏರಿತು. ಸೋಡಿಯಂ ಉಪ್ಪುಗಳು ಟ್ಯೂಬಿಗೆ ಅಂಟದೆ ನೀರಲ್ಲೇ ಕರಗಿ ಇರುತ್ತವೆ, ಅಷ್ಟೇ ಲಾಭ. ಹಾರ್ಡ್‌ನೆಸ್, ಅಂದ್ರೆ ಆ ಕ್ಯಾಲ್ಸಿಯಂ, ಮೆಗ್ನೀಷಿಯಂ ತರುವ ಗಡಸುತನ, ಒಂದು ಕಾಟ, ಟಿಡಿಎಸ್ ಇನ್ನೊಂದು, ನೀರಲ್ಲಿ ಕರಗಿರುವ ಗಾಳಿ ಮೂರನೆಯದು. ಸಾಫ್ಟನರ್ ಮೊದಲನೆಯದನ್ನು ಮಾತ್ರ ನೋಡಿಕೊಳ್ಳುತ್ತೆ.

ಮೊದಲು ಹಾರ್ಡ್‌ನೆಸ್. ಊರಲ್ಲಿ ಸವುಳು ಬೋರಿನ ನೀರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯಲ್ಲ, ಸೋಪು ನೊರೆ ಬರಲ್ಲ, ಸ್ನಾನದ ಹಂಡೆಯೊಳಗೆ ಬಿಳಿ ಪದರ ಕೂರುತ್ತೆ, ಅಲ್ವಾ? ಅದೇ ಇದು. ಇಲ್ಲಿ ಮರಾಠಿಯಲ್ಲಿ "ಜಡ ಪಾಣಿ" ಅಂತಾರೆ. ನಮ್ಮ ಕಡೆ ಜಡ್ಡು ಅಂದ್ರೆ ರೋಗ. ಬಾಯ್ಲರ್ ಮಟ್ಟಿಗೆ ಎರಡೂ ಒಂದೇ.

ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ ಕೂರುತ್ತದೆ. ಇದು ತಾತ್ಕಾಲಿಕ ಗಡಸುತನ. ಸಲ್ಫೇಟ್, ಕ್ಲೋರೈಡ್‌ನಿಂದ ಬರುವುದು ಶಾಶ್ವತ ಗಡಸುತನ. ಸಕ್ಕರೆ ಬಿಸಿನೀರಲ್ಲಿ ಜಾಸ್ತಿ ಕರಗುತ್ತೆ, ಆದ್ರೆ ಕ್ಯಾಲ್ಸಿಯಂ ಸಲ್ಫೇಟ್ ಉಲ್ಟಾ. ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತೆ. ಹಾಗಾಗಿ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಹೋಗಿ ಅಂಟುತ್ತೆ. ಸಿಲಿಕಾ ಸೇರಿದರೆ ಗಾಜಿನಂಥ ಪದರ, ಸುತ್ತಿಗೆಗೂ ಸುಲಭಕ್ಕೆ ಬಗ್ಗಲ್ಲ.

ಸ್ಮೋಕ್ ಟ್ಯೂಬ್ ಬಾಯ್ಲರ್‌ನಲ್ಲಿ ಟ್ಯೂಬಿನ ಒಳಗೆ ಬೆಂಕಿಯ ಹೊಗೆ, ಹೊರಗೆ ನೀರು. ಒಳಗೆ ಕೂರೋದು ಮಸಿ, ಹೊರಗೆ ಕೂರೋದು ಸ್ಕೇಲ್, ಅಂದ್ರೆ ಆ ಗಟ್ಟಿ ಪದರ. ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಮಾಡಬೇಡಿ. ಸ್ಕೇಲ್ ಶಾಖವನ್ನು ದಾಟಿಸುವುದು ಉಕ್ಕಿಗಿಂತ ಇಪ್ಪತ್ತು ಪಟ್ಟಾದರೂ ಕಡಿಮೆ. ಬಾಯ್ಲರ್ 10 ಕೆಜಿ ಒತ್ತಡದಲ್ಲಿದ್ದರೆ ಒಳಗಿನ ನೀರು ಸುಮಾರು 184 ಡಿಗ್ರಿ. ಟ್ಯೂಬಿಗೆ ನೀರು ತಾಗುತ್ತಿದ್ದರೆ ಲೋಹವೂ ಅದಕ್ಕಿಂತ ಸ್ವಲ್ಪವೇ ಮೇಲಿರುತ್ತೆ. ನಡುವೆ ಸ್ಕೇಲ್ ಬಂದರೆ ಬಿಸಿ ಲೋಹದಲ್ಲೇ ಉಳಿಯುತ್ತೆ. ಟ್ಯೂಬ್ ಮೆತ್ತಗಾಗುತ್ತೆ, ಸೊಟ್ಟಗಾಗುತ್ತೆ, ಕೊನೆಗೆ ಟ್ಯೂಬಿನ ತುದಿ ಹಿಡಿದಿರುವ ಟ್ಯೂಬ್ ಪ್ಲೇಟಿನ ಹತ್ತಿರ ಸೋರಲು ಶುರುವಾಗುತ್ತೆ.

ನಾನು ಮುಂಚೆ ಇದ್ದ ಬಟ್ಟೆ ಒಗೆಯುವ ಘಟಕದಲ್ಲಿ ಆದದ್ದು ಇದೇ. ಗಂಟೆಗೆ ಎರಡು ಟನ್ ಆವಿ ಕೊಡುವ ಬಾಯ್ಲರ್, ಸಾಫ್ಟನರ್‌ನಲ್ಲಿ 100 ಲೀಟರ್ ರೆಸಿನ್. ಶಿಫ್ಟ್ ಬದಲಾದಾಗ, ಅಂದ್ರೆ 12 ಗಂಟೆಗೊಮ್ಮೆ, ಉಪ್ಪು ಹಾಕಿ ರೀಜನರೇಷನ್ ಮಾಡೋದು, ಅಂದ್ರೆ ತುಂಬಿದ ರೆಸಿನ್‌ಗೆ ಮತ್ತೆ ಸೋಡಿಯಂ ಕೊಡೋದು, ಪದ್ಧತಿ. ವರ್ಷಗಟ್ಟಲೆ ಏನೂ ತೊಂದರೆ ಇರಲಿಲ್ಲ. ಒಂದು ಬೇಸಿಗೆಯಲ್ಲಿ ನಲ್ಲಿ ನೀರು ಸಾಲದೆ ಟ್ಯಾಂಕರ್ ಶುರುವಾಯಿತು. ಟ್ಯಾಂಕರ್ ನೀರು ಬೋರ್‌ವೆಲ್‌ದು. ಪದ್ಧತಿ ಮಾತ್ರ ಹಳೆಯದೇ.

ಲೆಕ್ಕ ನೋಡಿ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಾರ್ಡ್‌ನೆಸ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. 100 ಲೀಟರಿಗೆ 5000 ಗ್ರಾಂ. ನೀರಿನ ಹಾರ್ಡ್‌ನೆಸ್ 200 ಪಿಪಿಎಂ ಇದ್ದರೆ ಒಂದು ಘನ ಮೀಟರಿನಲ್ಲಿ 200 ಗ್ರಾಂ. 5000 ಭಾಗಿಸು 200, ಅಂದ್ರೆ 25 ಘನ ಮೀಟರ್. ಗಂಟೆಗೆ 2 ಘನ ಮೀಟರ್ ಓಡಿದರೆ ಹನ್ನೆರಡೂವರೆ ಗಂಟೆ. ಸರಿಯಾಗಿ ಒಂದು ಶಿಫ್ಟ್. ಟ್ಯಾಂಕರ್ ನೀರು 500 ಪಿಪಿಎಂ ಆದರೆ? 10 ಘನ ಮೀಟರ್, ಐದು ಗಂಟೆ. ಉಳಿದ ಏಳು ಗಂಟೆ ಸಾಫ್ಟನರ್ ಬರೀ ಪೈಪು. ಆ ಏಳು ಗಂಟೆಯಲ್ಲಿ ಹೆಚ್ಚುಕಡಿಮೆ ಏಳು ಕಿಲೊ ಹಾರ್ಡ್‌ನೆಸ್ ಬಾಯ್ಲರಿನೊಳಗೆ! ಒಂದೇ ಶಿಫ್ಟಿಗೆ.

ಇನ್‌ಸ್ಪೆಕ್ಷನ್‌ಗೆ ಮ್ಯಾನ್‌ಹೋಲ್ ತೆರೆದಾಗ ಟಾರ್ಚ್ ಹಿಡಿದು ಇಣುಕಿದೆ. ಟ್ಯೂಬುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಎರಡು ಟ್ಯೂಬಿನ ನಡುವೆ ಬೆರಳು ಹೋಗುವ ಜಾಗವೇ ಮುಚ್ಚಿತ್ತು. ಒಂದು ಚಕ್ಕೆ ಕಿತ್ತು ನೋಡಿದೆ, ಮೊಟ್ಟೆಯ ಚಿಪ್ಪಿಗಿಂತ ದಪ್ಪ. ಜೊತೆಗಿದ್ದ ವಿಜಯಪುರ ಕಡೆಯ ಕಾಕಾ ಒಂದೇ ಮಾತು ಅಂದರು: "ತಮ್ಮಾ, ಗಡಿಯಾರ ನೋಡಿ ಉಪ್ಪ ಹಾಕಬ್ಯಾಡ, ನೀರ ನೋಡಿ ಹಾಕು."

ನೀರು ನೋಡೋದು ಹೇಗೆ? ಸಾಫ್ಟನರ್‌ನಿಂದ ಹೊರಬಂದ ನೀರು 50 ಮಿಲಿ ತಗೊಳ್ಳಿ. ಅಮೋನಿಯಾ ಬಫರ್ 1 ಮಿಲಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಬಣ್ಣದ ಪುಡಿ ಚಿಟಿಕೆ. ನೀಲಿ ಬಂದರೆ ಹಾರ್ಡ್‌ನೆಸ್ ಇಲ್ಲ. ದ್ರಾಕ್ಷಿ ರಸದ ಕೆಂಪು ಬಂದರೆ ಇದೆ. ಆಗ 0.01 ಮೋಲಾರ್ ಇಡಿಟಿಎ (ಹಾರ್ಡ್‌ನೆಸ್ ಹಿಡಿಯುವ ದ್ರಾವಣ) ಹನಿಹನಿಯಾಗಿ ಬಿಡುತ್ತಾ ಅಲ್ಲಾಡಿಸಿ. ಕೆಂಪು, ನೇರಳೆ, ಆಮೇಲೆ ಅಪ್ಪಟ ನೀಲಿ. ನೇರಳೆಯಲ್ಲಿ ನಿಲ್ಲಿಸಬೇಡಿ, ಎಲ್ಲರೂ ತಪ್ಪೋದು ಅಲ್ಲೇ. ಹೋದ ಮಿಲಿಯನ್ನು 20ರಿಂದ ಗುಣಿಸಿದರೆ ಪಿಪಿಎಂ. ಒಂದು ಮಿಲಿಗೆ ಸುಮಾರು 20 ಹನಿ, ಹಾಗಾಗಿ ಒಂದು ಹನಿ ಅಂದ್ರೆ 1 ಪಿಪಿಎಂ ಅಂತ ನೆನಪಿಟ್ಟುಕೊಳ್ಳಿ. ಐದು ಹನಿ ದಾಟಿತೋ, ರೀಜನರೇಷನ್. ಬ್ಯಾಕ್‌ವಾಷ್ (ಕೆಳಗಿಂದ ಮೇಲಕ್ಕೆ ನೀರು ಬಿಟ್ಟು ತೊಳೆಯೋದು), ಆಮೇಲೆ ಸುಮಾರು 10 ಶೇಕಡಾ ಉಪ್ಪುನೀರು ನಿಧಾನವಾಗಿ, ಆಮೇಲೆ ತೊಳೆಯೋದು. ಉಪ್ಪುನೀರನ್ನು ಅವಸರದಲ್ಲಿ ಬಿಟ್ಟರೆ ರೆಸಿನ್‌ಗೆ ಹತ್ತಲ್ಲ, ಮೋರಿಗೆ ಹೋಗುತ್ತೆ.

ಇಷ್ಟಾದರೂ ಅಲ್ಪಸ್ವಲ್ಪ ಹಾರ್ಡ್‌ನೆಸ್ ತಪ್ಪಿಸಿಕೊಂಡು ಒಳಗೆ ಬರುತ್ತೆ. ಅದಕ್ಕೆ ಟ್ರೈಸೋಡಿಯಂ ಫಾಸ್ಫೇಟ್. ಕ್ಷಾರ ಸಾಕಷ್ಟಿರುವ ನೀರಲ್ಲಿ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಮೆತ್ತನೆಯ ಕೆಸರಾಗುತ್ತೆ. ಕೆಸರು ತಳಕ್ಕೆ ಇಳಿಯುತ್ತೆ, ಬ್ಲೋಡೌನ್‌ನಲ್ಲಿ, ಅಂದ್ರೆ ತಳದ ವಾಲ್ವ್ ತೆರೆದು ಸ್ವಲ್ಪ ನೀರು ಹೊರಬಿಟ್ಟಾಗ, ಹೊರಗೆ. ಫಾಸ್ಫೇಟ್ ಹಾಕಿ ಬ್ಲೋಡೌನ್ ಮಾಡದೇ ಇದ್ದರೆ ಆ ಕೆಸರೇ ಸುಟ್ಟು ಹತ್ತಿಕೊಳ್ಳುತ್ತೆ.

ಈಗ ಟಿಡಿಎಸ್. ಆವಿ ಹೋಗುತ್ತೆ, ಉಪ್ಪು ಉಳಿಯುತ್ತೆ. ಸಾರು ಕುದಿಸುತ್ತಾ ಹೋದರೆ ಉಪ್ಪಾಗುವ ಹಾಗೆ. ಸಣ್ಣ ಬಾಯ್ಲರ್‌ಗೆ ಸಾಮಾನ್ಯವಾಗಿ 3500 ಪಿಪಿಎಂ ಮಿತಿ ಇಡುತ್ತಾರೆ. ದಾಟಿದರೆ ನೊರೆ ಎದ್ದು ನೀರು ಆವಿಯ ಜೊತೆ ಹಾರುತ್ತೆ. ಎಷ್ಟು ಬ್ಲೋಡೌನ್ ಬೇಕು? ಫೀಡ್ (ಬಾಯ್ಲರಿಗೆ ಹೋಗುವ ನೀರು) ಟಿಡಿಎಸ್ ಗುಣಿಸು ಆವಿಯ ಪ್ರಮಾಣ, ಭಾಗಿಸು ಮಿತಿಯಿಂದ ಫೀಡ್ ಟಿಡಿಎಸ್ ಕಳೆದದ್ದು. ಫೀಡ್ 250, ಆವಿ ಗಂಟೆಗೆ 2000 ಕಿಲೊ ಆದರೆ 154 ಕಿಲೊ ನೀರು ಬಿಡಬೇಕು. ಫೀಡ್ 700 ಆದರೆ 500 ಕಿಲೊ. ಅದೂ 184 ಡಿಗ್ರಿಯ ನೀರು, ಇಂಧನ ಸುಟ್ಟು ಕಾಯಿಸಿದ್ದು. ಕಂಡೆನ್ಸೇಟ್, ಅಂದ್ರೆ ಆವಿ ತಣಿದು ಆದ ನೀರು, ವಾಪಸ್ ತರೋಕೆ ಮಾಲೀಕರನ್ನು ಒಪ್ಪಿಸುವಾಗ ಈ ಲೆಕ್ಕ ತೋರಿಸಿ, ಬೇರೆ ಮಾತು ಬೇಕಾಗಲ್ಲ. ಕಂಡೆನ್ಸೇಟ್‌ನಲ್ಲಿ ಹೆಚ್ಚುಕಡಿಮೆ ಉಪ್ಪೇ ಇರಲ್ಲ.

ಬಾಯ್ಲರ್ ನೀರಿನ ಸ್ಯಾಂಪಲ್ ತೆಗೆಯುವಾಗ ಕೂಲರ್ ಬೇಕೇ ಬೇಕು. ಬಿಸಿನೀರನ್ನು ನೇರ ಬಾಟಲಿಗೆ ಹಿಡಿದರೆ ಆರನೇ ಒಂದು ಭಾಗ ಆವಿಯಾಗಿ ಹಾರುತ್ತೆ, ಮೀಟರ್ ಸುಳ್ಳು ಹೇಳುತ್ತೆ. ಕೈ ಸುಡೋದು ಬೇರೆ.

ಮೂರನೆಯದು ಆಮ್ಲಜನಕ. ಇದು ಬಿಳಿ ಪದರದ ಹಾಗೆ ಕಾಣಿಸಲ್ಲ. ಟ್ಯೂಬಿನ ಮೇಲೆ ಅಲ್ಲಲ್ಲಿ ಕಂದು ಗುಳ್ಳೆ. ಉಗುರಿನಿಂದ ಕೆರೆದರೆ ಕಪ್ಪು ಪುಡಿ, ಅದರ ಕೆಳಗೆ ಗುಂಡಿ. ಸುತ್ತಲ ಲೋಹ ಗಟ್ಟಿಯಾಗೇ ಇರುತ್ತೆ, ಗುಂಡಿ ಮಾತ್ರ ಆಳಕ್ಕೆ ಇಳಿಯುತ್ತಾ ತೂತಾಗುತ್ತೆ. 30 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತೆ. ಅದನ್ನು ಹೀರಿಕೊಳ್ಳಲು ಒಂದು ಭಾಗ ಆಮ್ಲಜನಕಕ್ಕೆ ಸುಮಾರು 8 ಭಾಗ ಸೋಡಿಯಂ ಸಲ್ಫೈಟ್ ಬೇಕು. ಆದ್ರೆ ಸಲ್ಫೈಟ್ ಸಲ್ಫೇಟ್ ಆಗಿ ಟಿಡಿಎಸ್ ಏರಿಸುತ್ತೆ, ಬ್ಲೋಡೌನ್ ಜಾಸ್ತಿಯಾಗುತ್ತೆ. ಅದಕ್ಕೇ ಮೊದಲು ಫೀಡ್ ಟ್ಯಾಂಕ್ ಬಿಸಿ ಮಾಡಿ. 85 ಡಿಗ್ರಿಗೆ ಬಂದರೆ ಅರ್ಧಕ್ಕಿಂತ ಜಾಸ್ತಿ ಆಮ್ಲಜನಕ ತಾನೇ ಹೊರಟುಹೋಗುತ್ತೆ. ದೊಡ್ಡ ಘಟಕಗಳಲ್ಲಿ ಡಿಏರೇಟರ್ ಈ ಕೆಲಸ ಪೂರ್ತಿ ಮಾಡುತ್ತೆ. ಸಣ್ಣ ಕಡೆ ಬಿಸಿ ಟ್ಯಾಂಕ್ ಜೊತೆಗೆ ಸಲ್ಫೈಟ್. ಬಾಯ್ಲರ್ ನೀರಲ್ಲಿ 30ರಿಂದ 50 ಪಿಪಿಎಂ ಸಲ್ಫೈಟ್ ಉಳಿದಿರಲಿ, ಪಿಎಚ್ 11ರ ಆಸುಪಾಸು. ಪಿಎಚ್ ಇಳಿದರೆ ಟ್ಯೂಬ್ ಮೇಲಿನ ತುಕ್ಕು ತಡೆಯುವ ಕಪ್ಪು ಮ್ಯಾಗ್ನೆಟೈಟ್ ಪದರ ನಿಲ್ಲಲ್ಲ. ಆ ಕಪ್ಪು ಬೇಕಾದದ್ದು, ಕೆರೆದು ಹೊಳಪು ತರೋಕೆ ಹೋಗಬೇಡಿ.

ಟ್ಯಾಂಕ್ ಬಿಸಿ ಮಾಡುವಾಗ ಫೀಡ್ ಪಂಪ್ ಕೂಗಲು ಶುರುಮಾಡಿದರೆ ಟ್ಯಾಂಕ್ ಎತ್ತರ ಸಾಲದೆ ಪಂಪಿನೊಳಗೆ ಬಿಸಿನೀರು ಆವಿಯಾಗುತ್ತಿದೆ ಅಂತ ಅರ್ಥ.

ದೀಪಾವಳಿ ರಜೆಯಲ್ಲಿ ಬಾಯ್ಲರ್ ನಿಂತಾಗಲೂ ತುಕ್ಕು ನಿಲ್ಲಲ್ಲ, ಆಗಲೇ ಜಾಸ್ತಿ. ಅರ್ಧ ನೀರು, ಅರ್ಧ ಗಾಳಿ ಅನ್ನೋದು ಎಲ್ಲಕ್ಕಿಂತ ಕೆಟ್ಟದ್ದು. ಕೆಲವೇ ದಿನ ಆದರೆ ಸಲ್ಫೈಟ್ ಮತ್ತು ಕಾಸ್ಟಿಕ್ ಸೋಡಾ ಜಾಸ್ತಿ ಹಾಕಿ ಕಂಠದವರೆಗೆ ನೀರು ತುಂಬಿಡಿ. ತಿಂಗಳುಗಟ್ಟಲೆ ಆದರೆ ಪೂರ್ತಿ ಖಾಲಿ ಮಾಡಿ, ಒಣಗಿಸಿ, ತೇವ ಹೀರಲು ತಟ್ಟೆಯಲ್ಲಿ ಸುಡುಸುಣ್ಣ ಇಲ್ಲವೇ ಸಿಲಿಕಾ ಜೆಲ್ ಇಟ್ಟು ಮ್ಯಾನ್‌ಹೋಲ್ ಬಿಗಿಯಾಗಿ ಮುಚ್ಚಿ. ಒಳಗೆ ಎಷ್ಟು ತಟ್ಟೆ ಇಟ್ಟಿದ್ದೀರಿ ಅಂತ ಲಾಗ್ ಬುಕ್‌ನಲ್ಲಿ ಬರೆದಿಡಿ. ಮತ್ತೆ ಹಚ್ಚುವ ಮುಂಚೆ ಅಷ್ಟೂ ಹೊರಗೆ ಬಂದಿವೆಯಾ ಅಂತ ಎಣಿಸಬೇಕಲ್ಲ.